ಸೋಮವಾರ ಮಾತ್ರ ಸೆಲ್ಫ್ ತಗೊಳ್ಳದ ವ್ಯಾನು

ಪ್ರಶ್ನೆ: ನನ್ನದು ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗುವ ವ್ಯಾನು. ವಾರವೆಲ್ಲ ಸರಿಯಾಗಿ ಸ್ಟಾರ್ಟ್ ಆಗುತ್ತದೆ. ಶನಿವಾರ ಮಧ್ಯಾಹ್ನ ನಿಲ್ಲಿಸಿ ಸೋಮವಾರ ಬೆಳಿಗ್ಗೆ ಕೀ ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ, ಸೆಲ್ಫ್ ತಗೊಳ್ಳುವುದಿಲ್ಲ. ಬ್ಯಾಟರಿ ಹಾಕಿಸಿ ಆರು ತಿಂಗಳೂ ಆಗಿಲ್ಲ. ಬ್ಯಾಟರಿ ಅಂಗಡಿಯವರು ‘ಬ್ಯಾಟರಿ ಚೆನ್ನಾಗಿದೆ’ ಅನ್ನುತ್ತಾರೆ, ಎಲೆಕ್ಟ್ರಿಷಿಯನ್ ‘ಎಲ್ಲೋ ಕರೆಂಟ್ ಎಳೀತಿದೆ’ ಅನ್ನುತ್ತಾರೆ. ಕೀ ತೆಗೆದು ನಿಲ್ಲಿಸಿದ ಗಾಡಿಯಲ್ಲಿ ಕರೆಂಟ್ ಎಲ್ಲಿಗೆ ಹೋಗುತ್ತದೆ? ಅದನ್ನು ನಾವೇ ಹುಡುಕಬಹುದೇ?
— ಓದುಗರೊಬ್ಬರು, ನ್ಯಾಮತಿ

ಉತ್ತರ: ಹುಡುಕಬಹುದು. ಮುನ್ನೂರು ನಾನೂರು ರೂಪಾಯಿಯ ಒಂದು ಮಲ್ಟಿಮೀಟರ್, 10 ನಂಬರಿನ ಸ್ಪ್ಯಾನರ್, ಒಂದು ಭಾನುವಾರ ಇದ್ದರೆ ಸಾಕು. ಇನ್ನೊಂದು ಬ್ಯಾಟರಿಗೆ ನಾಲ್ಕೈದು ಸಾವಿರ ಕೊಡುವ ಮೊದಲು ಇದನ್ನು ಮಾಡಿ ಎಂದು ಒತ್ತಾಯದಿಂದಲೇ ಹೇಳುತ್ತೇನೆ. ಎಳೆತ ಇರುವ ಗಾಡಿಗೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಅದು ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

‘ಸೋಮವಾರ ಮಾತ್ರ’ ಎಂದು ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಸಣ್ಣ ವ್ಯಾನುಗಳಿಗೆ ಸಾಮಾನ್ಯವಾಗಿ 35 ಆಂಪ್-ಅವರ್ ಆಸುಪಾಸಿನ ಬ್ಯಾಟರಿ ಇರುತ್ತದೆ. ಅಂದರೆ 1 ಆಂಪ್ ಎಳೆದರೆ 35 ಗಂಟೆ, ಅರ್ಧ ಆಂಪ್ ಎಳೆದರೆ 70 ಗಂಟೆ ಬರುವಷ್ಟು ಸಂಗ್ರಹ. ಪೂರ್ತಿ ಖಾಲಿಯಾಗುವವರೆಗೆ ಕಾಯಬೇಕಿಲ್ಲ, ಅರ್ಧಕ್ಕಿಂತ ಕೆಳಗೆ ಇಳಿದರೇ ಸೆಲ್ಫ್ ಮೋಟರಿಗೆ ಶಕ್ತಿ ಸಾಲದೆ ಬರುತ್ತದೆ. ಶನಿವಾರ ಮಧ್ಯಾಹ್ನ ಒಂದು ಗಂಟೆಯಿಂದ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ 42 ಗಂಟೆ. ಅಷ್ಟರಲ್ಲಿ ಅರ್ಧ ಬ್ಯಾಟರಿ, ಅಂದರೆ ಹದಿನೇಳೂವರೆ ಆಂಪ್-ಅವರ್ ಹೋಗಬೇಕಾದರೆ ಎಳೆತ 0.4 ಆಂಪ್ ಹತ್ತಿರ ಇರಬೇಕು. ಅದೇ ಎಳೆತ ವಾರದ ದಿನಗಳಲ್ಲಿ ಸಂಜೆ ಐದರಿಂದ ಬೆಳಿಗ್ಗೆ ಏಳರವರೆಗೆ, 14 ಗಂಟೆಯಲ್ಲಿ, ತಿನ್ನುವುದು ಆರು ಆಂಪ್-ಅವರ್ ಮಾತ್ರ. ಬ್ಯಾಟರಿಯಲ್ಲಿ ಶೇ 80ಕ್ಕಿಂತ ಹೆಚ್ಚು ಉಳಿದಿರುತ್ತದೆ, ಗಾಡಿ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ವಾರವಿಡೀ ಪೂರ್ತಿ ಚಾರ್ಜ್ ತುಂಬದೆ ಉಳಿದಿದ್ದರೆ 0.3 ಆಂಪ್ ಎಳೆತವೇ ಸಾಕಾದೀತು. ಹಾಗಾಗಿ ನೀವು ಹುಡುಕಬೇಕಾದದ್ದು 0.3ರಿಂದ 0.5 ಆಂಪ್ ತಿನ್ನುವ ವಸ್ತುವನ್ನು. ಬಾಗಿಲು ತೆಗೆದಾಗ ಹತ್ತುವ 5 ವ್ಯಾಟಿನ ರೂಮ್ ಲ್ಯಾಂಪ್ ಎಳೆಯುವುದು 0.42 ಆಂಪ್. ಕ್ಯಾಮೆರಾ ಇದ್ದರೆ ಅದರ ರೆಕಾರ್ಡರ್ ಪೆಟ್ಟಿಗೆಯೂ ಹೆಚ್ಚು ಕಡಿಮೆ ಈ ಅಳತೆಯದ್ದೇ. ಬೋಲ್ಟ್ ಮುಟ್ಟುವ ಮುನ್ನವೇ ಅನುಮಾನದ ಪಟ್ಟಿ ಚಿಕ್ಕದಾಯಿತು.

ಚನ್ನಗಿರಿ, ಹೊನ್ನಾಳಿ, ಜಗಳೂರಿನ ಗಾಡಿಯವರಿಗೂ ಇದೇ ಲೆಕ್ಕ ಬೇಕಾಗುತ್ತದೆ. ಈ ಸೀಮೆಯ ಗಾಡಿಗಳು ಸುಗ್ಗಿಯಲ್ಲಿ ಓಡಿ ಬೇಸಿಗೆಯಲ್ಲಿ ನಿಲ್ಲುವಂಥವು. ತೋಟದ ಫಸಲು ಗುತ್ತಿಗೆ ಹಿಡಿಯುವ ಚನ್ನಗಿರಿಯ ಖೇಣಿದಾರರ ಗಾಡಿ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ದಿನವೂ ತೋಟಕ್ಕೆ, ಸುಲಿಯುವ ಮನೆಗೆ, ಮಂಡಿಗೆ ಓಡುತ್ತದೆ. ಡೈನಮೊ ದಿನವೂ ತುಂಬುವುದರಿಂದ ಎಳೆತ ಇದ್ದರೂ ಗೊತ್ತಾಗುವುದಿಲ್ಲ. ಜಗಳೂರಿನಲ್ಲಿ ಮೆಕ್ಕೆಜೋಳದ ಒಕ್ಕಣೆ ಮುಗಿದ ಮೇಲೆ, ಹೊನ್ನಾಳಿಯಲ್ಲಿ ಭತ್ತದ ಸಾಗಣೆ ಮುಗಿದ ಮೇಲೆ ಗಾಡಿ ಶೆಡ್ಡು ಸೇರುತ್ತದೆ. ನಿಮ್ಮಲ್ಲಿ ಫೆಬ್ರುವರಿಯಲ್ಲಿ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಗೆ ಜನ ತುಂಬಿಕೊಂಡು ಓಡಾಡಿದ ವ್ಯಾನು ಮಾರ್ಚಿನಲ್ಲಿ ನಾಲ್ಕು ದಿನ ನಿಂತು ಕೈಕೊಟ್ಟರೆ, ‘ಬಿಸಿಲಿಗೆ ಬ್ಯಾಟರಿ ಹೋಯಿತು’ ಎಂದುಕೊಳ್ಳುತ್ತಾರೆ. ಬಿಸಿಲಿನದ್ದೂ ಪಾಲಿದೆ, ನಿಜ. ಸೀಸ-ಆಮ್ಲದ ಬ್ಯಾಟರಿ ತನ್ನಷ್ಟಕ್ಕೆ ತಾನೇ ಸವೆಯುವ ವೇಗ ಪ್ರತಿ 10 ಡಿಗ್ರಿ ಉಷ್ಣಾಂಶ ಏರಿಕೆಗೆ ಸುಮಾರು ಎರಡು ಪಟ್ಟಾಗುತ್ತದೆ. ಆದರೂ ಅದು ತಿಂಗಳಿಗೆ ಇಷ್ಟು ಎಂದು ಎಣಿಸುವ ಸವೆತ. ಎರಡು ದಿನದಲ್ಲಿ ಗಾಡಿಯನ್ನು ಮಲಗಿಸುವ ಶಕ್ತಿ ಬಿಸಿಲಿಗಿಲ್ಲ.

ಕೀ ತೆಗೆದ ಗಾಡಿಯಲ್ಲಿ ಕರೆಂಟ್ ಸ್ವಲ್ಪವೂ ಹರಿಯಬಾರದು ಎಂದೇನೂ ಇಲ್ಲ. ಗಡಿಯಾರ, ಸ್ಟೀರಿಯೊದ ನೆನಪು, ಎಂಜಿನ್ ಕಂಪ್ಯೂಟರಿನ ನೆನಪು, ರಿಮೋಟ್ ಲಾಕಿನ ರಿಸೀವರ್ ಇವೆಲ್ಲ ಸದಾ ಚೂರುಚೂರು ತಿನ್ನುತ್ತವೆ. 20ರಿಂದ 50 ಮಿಲಿಆಂಪ್‌ವರೆಗೆ, ಅಂದರೆ ಒಂದು ಆಂಪಿನ ಇಪ್ಪತ್ತನೇ ಒಂದು ಭಾಗದವರೆಗೆ, ಸಹಜ ಎಂದು ಒಪ್ಪಬಹುದು. ಕಾರ್ಬುರೇಟರ್ ಕಾಲದ ಹಳೆಯ ಓಮ್ನಿಯಂಥ ಗಾಡಿಯಲ್ಲಿ ಅದಕ್ಕಿಂತಲೂ ತೀರಾ ಕಡಿಮೆ ಇರಬೇಕು. 30 ಮಿಲಿಆಂಪ್ ಕೂಡ ತಿಂಗಳಿಗೆ 21 ಆಂಪ್-ಅವರ್ ಮೀರುತ್ತದೆ ಎಂಬುದನ್ನು ಮರೆಯಬೇಡಿ. ಯಾವ ದೋಷವೂ ಇಲ್ಲದ ಗಾಡಿ ಬೇಸಿಗೆ ರಜೆಯಿಡೀ ನಿಂತರೆ ಸ್ಟಾರ್ಟ್ ಆಗದಿರುವುದು ತಪ್ಪಲ್ಲ. ಅಷ್ಟು ದಿನ ನಿಲ್ಲಿಸುವುದಿದ್ದರೆ ನೆಗೆಟಿವ್ ಟರ್ಮಿನಲ್ ಬಿಚ್ಚಿಡಬೇಕು.

ಮೊದಲು ಬ್ಯಾಟರಿಯನ್ನೇ ವಿಚಾರಿಸಿ. ಅಂಗಡಿಯವರ ಮಾತು ಸರಿಯೇ ಇರಬಹುದು, ಆದರೆ ನಿಮ್ಮ ಕಣ್ಣಿಗೆ ಕಾಣುವ ಪರೀಕ್ಷೆಯೊಂದಿದೆ. ಚಾರ್ಜರಿಗೆ ಹಾಕಿ ಪೂರ್ತಿ ತುಂಬಿಸಿ. ಗಾಡಿಗೆ ಕೂರಿಸಿ, ನೆಗೆಟಿವ್ ಕ್ಲ್ಯಾಂಪ್ ಮಾತ್ರ ಬಿಚ್ಚಿ ಬದಿಗಿಟ್ಟು ಎರಡು ರಾತ್ರಿ ಬಿಡಿ. ಆಮೇಲೆ ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ ಬ್ಯಾಟರಿಯ ಎರಡು ಕಂಬಗಳ ಮೇಲೆ ಹಿಡಿಯಿರಿ. 12.6 ವೋಲ್ಟ್ ಹತ್ತಿರ ಇದ್ದರೆ ತುಂಬಿದ ಬ್ಯಾಟರಿ. 12.4ಕ್ಕೆ ಮುಕ್ಕಾಲು, 12.2ಕ್ಕೆ ಅರ್ಧ, 12.0 ಅಂದರೆ ಕಾಲು ಭಾಗ. ವೈರೇ ಇಲ್ಲದೆ ಇಟ್ಟಾಗಲೂ ಅದು 12.2ಕ್ಕೆ ಇಳಿದರೆ ದೋಷ ಬ್ಯಾಟರಿಯೊಳಗಿದೆ, ಅಂಗಡಿಗೆ ಹೋಗಿ ಖಾತರಿ ಕೇಳಿ. ನೀರು ಹಾಕುವ ಬಗೆಯದಾದರೆ ಹೈಡ್ರೋಮೀಟರಿನಿಂದ ಆರೂ ಸೆಲ್ ನೋಡಿಸಿ. ಐದು ಒಂದೇ ಸಮ ಇದ್ದು ಒಂದು ಮಾತ್ರ ತೀರಾ ಕೆಳಗಿದ್ದರೆ ಆ ಸೆಲ್ ಹೋಗಿದೆ. 12.6 ಹಾಗೆಯೇ ನಿಂತರೆ ಬ್ಯಾಟರಿ ನಿರ್ದೋಷಿ. ಜೊತೆಗೇ ಗಾಡಿ ಸ್ಟಾರ್ಟ್ ಮಾಡಿ ವೋಲ್ಟೇಜ್ ನೋಡಿ, 13.8ರಿಂದ 14.4 ಇರಬೇಕು. 13ಕ್ಕಿಂತ ಕೆಳಗಿದ್ದರೆ ಡೈನಮೊ ತುಂಬುತ್ತಿಲ್ಲ, ಅದು ಬೇರೆಯೇ ಕಾಯಿಲೆ.

ಬ್ಯಾಟರಿಯ ನೆತ್ತಿಯನ್ನೂ ನೋಡಿ. ಆಮ್ಲದ ಪಸೆ, ಧೂಳು, ರಸಗೊಬ್ಬರದ ಪುಡಿ ಸೇರಿ ಜಿಗಟಾದರೆ ಎರಡು ಕಂಬಗಳ ನಡುವೆ ಅದೇ ದಾರಿಯಾಗುತ್ತದೆ. ಮೀಟರಿನ ಕಪ್ಪು ಕಡ್ಡಿಯನ್ನು ನೆಗೆಟಿವ್ ಕಂಬಕ್ಕೆ ಇಟ್ಟು, ಕೆಂಪು ಕಡ್ಡಿಯನ್ನು ಬರೀ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಆಡಿಸಿ. ವೋಲ್ಟ್ ತೋರಿಸಿದರೆ ಅಲ್ಲಿ ಸೋರಿಕೆ ಇದೆ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಹೋಗುತ್ತದೆ. ಸೆಲ್‌ಗಳ ಮುಚ್ಚಳ ಬಿಗಿಯಾಗಿರಲಿ, ಸೋಡಾ ನೀರು ಒಳಗೆ ಇಳಿಯಬಾರದು.

ಈಗ ಮುಖ್ಯ ಅಳತೆ. ಇದರಲ್ಲಿ ಆತುರ ಬೇಡ. ಮೀಟರಿನ ಕೆಂಪು ವೈರನ್ನು 10 ಆಂಪ್ ಎಂದಿರುವ ತೂತಿಗೆ ಬದಲಾಯಿಸಿ, ಗುಂಡಿಯನ್ನು 10 ಆಂಪ್ ಡಿಸಿಗೆ ತಿರುಗಿಸಿ. ಮಿಲಿಆಂಪ್ ಜಾಗದಿಂದ ಶುರು ಮಾಡಿದರೆ ಮೀಟರೊಳಗಿನ ಫ್ಯೂಸ್ ಹಾರುತ್ತದೆ. ಮೀಟರ್ ಈ ಸ್ಥಿತಿಯಲ್ಲಿರುವಾಗ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ಕಂಬಕ್ಕೆ ಮುಟ್ಟಿಸಲೇಬಾರದು, ಅದು ನೇರ ಶಾರ್ಟ್. ಗಾಡಿಯ ಕೀ ತೆಗೆಯಿರಿ. ರಿಮೋಟ್ ಕೀ ಇದ್ದರೆ ಮನೆಯೊಳಗೆ ದೂರ ಇಟ್ಟು ಬನ್ನಿ. ಫ್ಯೂಸ್ ಬಾಕ್ಸ್ ತಲುಪಲು ಒಂದು ಬಾಗಿಲು ತೆರೆದಿಡಬೇಕಾದರೆ ಬಾಗಿಲ ಚೌಕಟ್ಟಿನ ಸ್ವಿಚ್ಚನ್ನು ಒತ್ತಿ ಟೇಪ್ ಸುತ್ತಿ. ಇಲ್ಲದಿದ್ದರೆ ರೂಮ್ ಲ್ಯಾಂಪಿನ ಕರೆಂಟನ್ನೇ ಕಳ್ಳ ಎಂದುಕೊಳ್ಳುತ್ತೀರಿ.

ನೆಗೆಟಿವ್ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ, ಇನ್ನೂ ಎತ್ತಬೇಡಿ. ಮೊಸಳೆ ಬಾಯಿಯ ಕ್ಲಿಪ್ ಇರುವ ಎರಡು ವೈರು ತೆಗೆದುಕೊಂಡು ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಕ್ಲ್ಯಾಂಪಿಗೆ ಕಚ್ಚಿಸಿ, ಆಮೇಲೆ ಕ್ಲ್ಯಾಂಪನ್ನು ಮೇಲೆತ್ತಿ. ಈಗ ಗಾಡಿ ಎಳೆಯುವ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗಬೇಕು. ಕ್ಲ್ಯಾಂಪ್ ಎತ್ತುವ ಮೊದಲೇ ಮೀಟರ್ ಕಚ್ಚಿಸುವುದು ಯಾಕೆಂದರೆ, ಒಮ್ಮೆ ಸಂಪರ್ಕ ತಪ್ಪಿದರೆ ಗಾಡಿಯ ಕಂಪ್ಯೂಟರುಗಳೆಲ್ಲ ಮತ್ತೆ ಎಚ್ಚರಗೊಳ್ಳುತ್ತವೆ, ಲೆಕ್ಕ ಕೆಡುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಇಂಥ ಪೆಟ್ಟಿಗೆಗಳು ಹೆಚ್ಚು. ಅವು ನಿದ್ದೆಗೆ ಹೋಗಲು ಹತ್ತು ನಿಮಿಷದಿಂದ ಅರ್ಧ ಗಂಟೆಯವರೆಗೂ ಹಿಡಿಯಬಹುದು. ಮೊದಲು 2-3 ಆಂಪ್ ತೋರಿಸಿದರೆ ಗಾಬರಿಯಾಗಬೇಡಿ. ಒಂದು ಲೋಟ ಚಹಾ ಕುಡಿದು ಬಂದು ನೋಡಿ. ಅಂಕಿ 0.03, 0.04ಕ್ಕೆ ಇಳಿದು ನಿಂತರೆ ಗಾಡಿಯಲ್ಲಿ ಸದಾಕಾಲದ ಎಳೆತ ಇಲ್ಲ. 0.40ರಲ್ಲೇ ನಿಂತಿದ್ದರೆ ಸಿಕ್ಕಿತು. ಮೀಟರ್ ಕಚ್ಚಿಸಿರುವಾಗ ಯಾರೂ ಕೀ ಹಾಕಿ ಸೆಲ್ಫ್ ಹೊಡೆಯದಂತೆ ನೋಡಿಕೊಳ್ಳಿ. ಸೆಲ್ಫ್ ಮೋಟರ್ ನೂರು ಆಂಪ್ ಮೀರಿ ಎಳೆಯುತ್ತದೆ, ಮೀಟರ್ ಸುಟ್ಟುಹೋಗುತ್ತದೆ.

ಮನೆ ವೈರಿಂಗ್ ಮಾಡುವ ಪರಿಚಯದವರ ಕ್ಲ್ಯಾಂಪ್ ಮೀಟರ್ ತಂದು ವೈರಿಗೆ ಹಿಡಿದು ನೋಡುವವರಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಎಸಿ ಕರೆಂಟ್ ಮಾತ್ರ ಅಳೆಯುತ್ತವೆ. ಬ್ಯಾಟರಿಯದು ಡಿಸಿ. ಸೊನ್ನೆ ತೋರಿಸಿತೆಂದು ‘ಲೀಕೇಜ್ ಇಲ್ಲ’ ಅಂದರೆ ನಂಬಬೇಡಿ. ನಮ್ಮ ಹಳೆಯ ಮೆಕ್ಯಾನಿಕ್ಕುಗಳ ಟೆಸ್ಟ್ ಲ್ಯಾಂಪ್ ವಿಧಾನವೂ, ಅಂದರೆ ಮೀಟರಿನ ಜಾಗದಲ್ಲಿ ಒಂದು ಬಲ್ಬ್ ಕಚ್ಚಿಸಿ ಹತ್ತುತ್ತದೆಯೇ ನೋಡುವುದು, ದೊಡ್ಡ ಎಳೆತಕ್ಕೆ ಒಳ್ಳೆಯದೇ. ನೂರು ಮಿಲಿಆಂಪಿನಂಥ ಸಣ್ಣ ಎಳೆತಕ್ಕೆ ಬಲ್ಬ್ ಸರಿಯಾಗಿ ಕೆಂಪಾಗುವುದೂ ಇಲ್ಲ. ಆ ನೂರು ಮಿಲಿಆಂಪ್ ವಾರದಲ್ಲಿ ಅರ್ಧ ಬ್ಯಾಟರಿ ತಿನ್ನುತ್ತದೆ.

ಎಳೆತ ಇದೆ ಎಂದು ಗೊತ್ತಾದ ಮೇಲೆ ಎಲ್ಲಿ ಎಂದು ಹಿಡಿಯುವುದು ತೋಟ ಇರುವವರಿಗೆ ಹೊಸದಲ್ಲ. ಅಡಿಕೆ ತೋಟದ ಡ್ರಿಪ್‌ನಲ್ಲಿ ನೀರಿನ ಒತ್ತಡ ಇಳಿದರೆ ಒಂದೊಂದೇ ಗೇಟ್ ವಾಲ್ವ್ ಮುಚ್ಚುತ್ತ ಹೋಗಿ, ಯಾವುದನ್ನು ಮುಚ್ಚಿದಾಗ ಒತ್ತಡ ಏರಿತೋ ಆ ಲೈನಿನಲ್ಲಿ ಪೈಪ್ ಒಡೆದಿದೆ ಎಂದು ತೀರ್ಮಾನಿಸುತ್ತೀರಲ್ಲ, ಫ್ಯೂಸ್‌ಗಳ ಕೆಲಸವೂ ಹಾಗೆಯೇ. ಒಬ್ಬರು ಮೀಟರ್ ನೋಡುತ್ತಿರಲಿ, ಇನ್ನೊಬ್ಬರು ಒಂದು ಫ್ಯೂಸ್ ಕೀಳಲಿ. ಅಂಕಿ ಅಲುಗದಿದ್ದರೆ ಅದೇ ಜಾಗಕ್ಕೆ ವಾಪಸ್ ಹಾಕಿ ಮುಂದಿನದಕ್ಕೆ ಹೋಗಿ. ಡ್ಯಾಶ್‌ಬೋರ್ಡ್ ಕೆಳಗೊಂದು, ಎಂಜಿನ್ ಅಥವಾ ಬ್ಯಾಟರಿ ಹತ್ತಿರ ಇನ್ನೊಂದು ಹೀಗೆ ಸಾಮಾನ್ಯವಾಗಿ ಎರಡು ಪೆಟ್ಟಿಗೆ ಇರುತ್ತವೆ. ಕೀಳುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಯಾವುದನ್ನು ಕಿತ್ತಾಗ 0.40 ಇದ್ದದ್ದು 0.03ಕ್ಕೆ ಬೀಳುತ್ತದೋ ಆ ಲೈನಿನಲ್ಲೇ ಎಳೆತ. ಮುಚ್ಚಳದ ಒಳಮೈಯಲ್ಲಿ ಆ ಫ್ಯೂಸಿಗೆ ಏನೇನು ಸೇರಿದೆ ಎಂದು ಬರೆದಿರುತ್ತದೆ. ಆಮೇಲೆ ಆ ಲೈನಿನ ಕಪ್ಲರುಗಳನ್ನು ಒಂದೊಂದಾಗಿ ಬಿಡಿಸಿದರೆ ಆಯಿತು.

ಬಿಎಸ್-6 ಗಾಡಿಯಲ್ಲಿ ಫ್ಯೂಸ್ ಕಿತ್ತು ಹಾಕುವುದರಿಂದಲೂ ಮಲಗಿದ ಪೆಟ್ಟಿಗೆ ಎದ್ದುಬಿಡುತ್ತದೆ. ಅದಕ್ಕೆ ಬೇರೆ ಉಪಾಯವಿದೆ, ನನಗೆ ಇದೇ ಹೆಚ್ಚು ಇಷ್ಟ. ಚಪ್ಪಟೆ ಫ್ಯೂಸಿನ ಬೆನ್ನ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳಿರುತ್ತವೆ. ಮೀಟರನ್ನು 200 ಮಿಲಿವೋಲ್ಟ್ ಡಿಸಿಗೆ ಇಟ್ಟು ಕಡ್ಡಿಗಳನ್ನು ಆ ಎರಡು ಚುಕ್ಕೆಗೆ ಮುಟ್ಟಿಸಿ. ಕೆಂಪು ವೈರು ಮೊದಲಿನ ವೋಲ್ಟ್ ತೂತಿಗೆ ವಾಪಸ್ ಬಂದಿರಬೇಕು. ಫ್ಯೂಸ್ ಕೂಡ ಒಂದು ತಂತಿಯೇ ಆದ್ದರಿಂದ ಕರೆಂಟ್ ಹರಿಯುತ್ತಿದ್ದರೆ ಅದರ ಎರಡು ತುದಿಗಳ ನಡುವೆ ತುಸು ವೋಲ್ಟೇಜ್ ಕಾಣುತ್ತದೆ. 10 ಆಂಪಿನ ಫ್ಯೂಸಿನಲ್ಲಿ 0.4 ಆಂಪ್ ಹರಿದರೆ ಸುಮಾರು 3 ಮಿಲಿವೋಲ್ಟ್. ಸೊನ್ನೆ ಇರುವ ಫ್ಯೂಸ್‌ಗಳನ್ನು ಬಿಡುತ್ತ ಹೋಗಿ, ಅಂಕಿ ತೋರಿಸಿದ್ದನ್ನು ಗುರುತು ಮಾಡಿ. ಬ್ಯಾಟರಿ ಬಿಚ್ಚುವ ಕೆಲಸವೇ ಇಲ್ಲ.

ಇನ್ನು ಕಳ್ಳ ಯಾರು ಎಂಬುದು. ಕಂಪನಿಯಿಂದ ಬಂದ ವೈರಿಂಗಿಗಿಂತ ಆಮೇಲೆ ನಾವು ಹಾಕಿಸಿದ ಸಾಮಾನುಗಳ ಮೇಲೆ ನನಗೆ ಮೊದಲ ಅನುಮಾನ. ಸ್ಟೀರಿಯೊವನ್ನೇ ತೆಗೆದುಕೊಳ್ಳಿ. ಅದರ ಹಿಂದೆ ಹಳದಿ ವೈರು ಸದಾ ಬ್ಯಾಟರಿಗೆ ಸೇರಿರಬೇಕು, ನೆನಪಿಗಾಗಿ. ಕೆಂಪು ವೈರು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಜಾಗಕ್ಕೆ ಸೇರಬೇಕು. ಮದುವೆ ದಿಬ್ಬಣದಲ್ಲಿ ಕೀ ಇಲ್ಲದೆಯೂ ಹಾಡು ಹಾಕಬೇಕೆಂದು ಮಾಲೀಕರು ಕೇಳುತ್ತಾರೆ, ಫಿಟ್ಟರ್ ಹಳದಿ ಕೆಂಪು ಎರಡನ್ನೂ ಹೊಸೆದು ಟೇಪ್ ಸುತ್ತುತ್ತಾನೆ. ಆಮೇಲೆ ಸೆಟ್ಟು ಯಾವತ್ತೂ ಪೂರ್ತಿ ಮಲಗುವುದಿಲ್ಲ. ಆಂಪ್ಲಿಫೈಯರ್ ಇದ್ದರೆ ನೀಲಿ ವೈರಿನ ಮೂಲಕ ಅದೂ ಎದ್ದೇ ಇರುತ್ತದೆ. ಹಾಡದೆ ಕೂತ ಆಂಪ್ಲಿಫೈಯರ್ ಕೂಡ ಅರ್ಧ ಆಂಪ್ ಮೀರಿ ತಿನ್ನಬಲ್ಲದು. ಶಾಲೆ ವ್ಯಾನಿನ ಕ್ಯಾಮೆರಾ ರೆಕಾರ್ಡರನ್ನು ನೇರ ಬ್ಯಾಟರಿಗೆ ಕೊಟ್ಟಿದ್ದರೆ ಅದು ಭಾನುವಾರವೂ ಖಾಲಿ ಸೀಟುಗಳ ವಿಡಿಯೊ ತೆಗೆಯುತ್ತ ಕೂತಿರುತ್ತದೆ. ನಿಮ್ಮ ಗಾಡಿಯಲ್ಲಿ ಕ್ಯಾಮೆರಾ ಇದ್ದರೆ ಮೊದಲು ಅದರ ಪೆಟ್ಟಿಗೆ ಮುಟ್ಟಿ ನೋಡಿ. ಸೋಮವಾರ ಬೆಳಿಗ್ಗೆ ಬೆಚ್ಚಗಿದ್ದರೆ ಮೀಟರ್ ಬೇಕಾಗಿಯೇ ಇಲ್ಲ.

ಜಾಗ ತೋರಿಸುವ ಜಿಪಿಎಸ್ ಸಾಧನದ ಮಾತು ಬೇರೆ. ಸಾರ್ವಜನಿಕ ಸೇವೆಯ ವಾಹನಗಳಿಗೆ ಎಐಎಸ್-140 ಮಾನದಂಡದ ಸಾಧನ ಮತ್ತು ತುರ್ತು ಗುಂಡಿ ಇರಬೇಕೆಂಬ ಕೇಂದ್ರದ ನಿಯಮ 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಗಾಡಿಗಳಿಗೆ ಜಾರಿಗೆ ಬಂತು. ಅದು ಕೀ ತೆಗೆದ ಮೇಲೂ ಕೆಲಸ ಮಾಡಬೇಕಾದದ್ದೇ, ಹಾಗಾಗಿ ಕೆಲವು ಹತ್ತು ಮಿಲಿಆಂಪ್ ತಿನ್ನುತ್ತದೆ. ಮೊಬೈಲ್ ಸಿಗ್ನಲ್ ಕ್ಷೀಣವಾದ ಹಳ್ಳಿಯಲ್ಲಿ ನಿಲ್ಲಿಸಿದರೆ ಟವರ್ ಹುಡುಕುತ್ತ ಇನ್ನಷ್ಟು ತಿನ್ನುತ್ತದೆ. ಬ್ಯಾಟರಿ ಉಳಿಸಲೆಂದು ಇದನ್ನು ಕಿತ್ತುಹಾಕಬೇಡಿ, ಮಕ್ಕಳು ಕೂರುವ ಗಾಡಿಯಲ್ಲಂತೂ ಬೇಡವೇ ಬೇಡ. ಅದೊಂದೇ 0.4 ಆಂಪ್ ಎಳೆಯುತ್ತಿದ್ದರೆ ಸಾಧನದಲ್ಲಿ ದೋಷವಿದೆ, ಹಾಕಿದವರಿಂದಲೇ ಬದಲಾಯಿಸಿಕೊಳ್ಳಿ.

ಕಂಪನಿಯ ವೈರಿಂಗಿನಲ್ಲೂ ಸವೆತ ಬರುತ್ತದೆ. ಬ್ರೇಕ್ ಪೆಡಲಿನ ಮೇಲ್ಗಡೆ ಸ್ವಿಚ್ ಒತ್ತುವ ಸಣ್ಣ ರಬ್ಬರ್ ಬಿಲ್ಲೆ ಒಡೆದು ಉದುರಿದರೆ ಬ್ರೇಕ್ ಲೈಟ್ ಹತ್ತಿಯೇ ಇರುತ್ತದೆ. 21 ವ್ಯಾಟಿನ ಎರಡು ಬಲ್ಬ್ ಸೇರಿ ಮೂರೂವರೆ ಆಂಪ್, ಹತ್ತು ಗಂಟೆಯಲ್ಲಿ ಬ್ಯಾಟರಿ ಪೂರ್ತಿ ಖಾಲಿ. ಇದು ನಿಮ್ಮ ಗಾಡಿಯ ಕಥೆಯಲ್ಲ, ಇದಾಗಿದ್ದರೆ ಮಂಗಳವಾರವೂ ಸ್ಟಾರ್ಟ್ ಆಗುತ್ತಿರಲಿಲ್ಲ. ಕೀ ತೆಗೆದ ಮೇಲೂ ಚಾಲೂ ಇರುವ ರಿಲೇ ತನ್ನ ಸುರುಳಿಗಷ್ಟೇ 0.15 ಆಂಪ್ ಹತ್ತಿರ ಎಳೆಯುತ್ತದೆ, ಅದು ಚಾಲೂ ಮಾಡಿದ ಸಾಮಾನಿನದ್ದು ಬೇರೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಚ್ಚಗಿರುವ ರಿಲೇ ಸಿಕ್ಕರೆ ಅದನ್ನು ಹಿಡಿಯಿರಿ. ಹಳೆಯ ಗಾಡಿಯಲ್ಲಿ ಇಗ್ನಿಷನ್ ಸ್ವಿಚ್ ಸವೆದು, ಕೀ ಹೊರಬಂದರೂ ಒಳಗಿನ ತಗಡು ಪೂರ್ತಿ ಬಿಡದಿರುವುದುಂಟು. ಜಗಳೂರಿನ ಕಡೆ ಮೆಕ್ಕೆಜೋಳದ ಗೋದಾಮಿನ ಪಕ್ಕ ಗಾಡಿ ನಿಲ್ಲಿಸುವವರು ಇಲಿ ಕಚ್ಚಿದ ವೈರನ್ನು ಹುಡುಕಬೇಕು. ಹಸಿ ಅಡಿಕೆ ಚೀಲ, ಗೊಬ್ಬರದ ಚೀಲ ಹೇರುವ ಗಾಡಿಯಲ್ಲಿ ನೆಲದ ಮ್ಯಾಟಿನ ಕೆಳಗೆ ಹಾದುಹೋಗುವ ವೈರುಗಳ ಜೋಡಣೆ ನೋಡಬೇಕು. ರಸಗೊಬ್ಬರದ ಉಪ್ಪು ತೇವ ಹಿಡಿದರೆ ತಾಮ್ರವನ್ನು ಹಸಿರು ಮಾಡಿ ತಿನ್ನುತ್ತದೆ, ಕರೆಂಟಿಗೂ ದಾರಿ ಮಾಡಿಕೊಡುತ್ತದೆ.

ಎಲ್ಲ ಫ್ಯೂಸ್ ಕಿತ್ತರೂ ಮೀಟರ್ 0.40 ಬಿಟ್ಟು ಇಳಿಯಲಿಲ್ಲ ಎನ್ನಿ. ಆಗ ಉಳಿಯುವುದು ಫ್ಯೂಸ್ ಬಾಕ್ಸ್ ದಾಟದೆ ಬ್ಯಾಟರಿಯಿಂದ ನೇರ ಹೋಗುವ ದಪ್ಪ ವೈರುಗಳು: ಸೆಲ್ಫ್ ಮೋಟರ್, ಡೈನಮೊ, ಮತ್ತು ಬ್ಯಾಟರಿ ಕಂಬಕ್ಕೇ ಯಾರೋ ಸುತ್ತಿಟ್ಟುಹೋದ ಹೆಚ್ಚುವರಿ ವೈರು. ನಾವು ಡೈನಮೊ ಅನ್ನುವ ಆಲ್ಟರ್ನೇಟರ್ ಒಳಗೆ ಡಯೋಡುಗಳಿವೆ. ಅವು ಕರೆಂಟನ್ನು ಬ್ಯಾಟರಿಯ ಕಡೆಗೆ ಬಿಟ್ಟು ವಾಪಸ್ ಬರದಂತೆ ತಡೆಯುತ್ತವೆ. ಡಯೋಡುಗಳು ಸೋರಿದರೆ ರಾತ್ರಿಯಿಡೀ ಬ್ಯಾಟರಿ ಡೈನಮೊದೊಳಕ್ಕೆ ಹರಿಯುತ್ತದೆ. ಸುಲಭದ ಸುಳಿವು ಹೀಗಿದೆ: ಎಂಜಿನ್ ಓಡುತ್ತಿರುವಾಗ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿ ಕಂಬಗಳ ಮೇಲೆ ಹಿಡಿಯಿರಿ. ಅರ್ಧ ವೋಲ್ಟ್ ಮೀರಿದರೆ ಡಯೋಡ್ ಮೇಲೆ ಅನುಮಾನ ಪಡಿ. ಅಗ್ಗದ ಕೆಲವು ಮೀಟರುಗಳು ಡಿಸಿಯನ್ನೇ ಎಸಿ ಎಂದು ತೋರಿಸುವುದರಿಂದ ಎಂಜಿನ್ ಆರಿಸಿಯೂ ಒಮ್ಮೆ ಹಿಡಿದು ಹೋಲಿಸಿ. ಖಚಿತಪಡಿಸಿಕೊಳ್ಳಲು ನೆಗೆಟಿವ್ ಬಿಚ್ಚಿ, ಡೈನಮೊದ ದಪ್ಪ ವೈರು ಕಳಚಿ, ಅದರ ತುದಿಗೆ ರಬ್ಬರ್ ಸುತ್ತಿ, ಮತ್ತೆ ಮೀಟರ್ ಕಚ್ಚಿಸಿ ನೋಡಬೇಕು. ಅಭ್ಯಾಸ ಇಲ್ಲದಿದ್ದರೆ ಈ ಒಂದು ಹಂತವನ್ನು ಎಲೆಕ್ಟ್ರಿಷಿಯನ್ ಕೈಗೆ ಬಿಡಿ.

ಇಲ್ಲಿ ಒಂದು ಅಭ್ಯಾಸವನ್ನು ಖಂಡಿಸಲೇಬೇಕು. ಡೈನಮೊ ಸರಿಯಿದೆಯೇ ಎಂದು ನೋಡಲು ಗಾಡಿ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕೀಳುವವರು ಇಂದಿಗೂ ಇದ್ದಾರೆ. ಕಿತ್ತ ಕ್ಷಣದಲ್ಲಿ ಡೈನಮೊದ ವೋಲ್ಟೇಜ್ ಹಲವು ಹತ್ತು ವೋಲ್ಟುಗಳಿಗೆ ಜಿಗಿಯುತ್ತದೆ. ಅದರ ಏಟಿಗೆ ಡಯೋಡೂ ಹೋಗಬಹುದು, ಎಂಜಿನ್ ಕಂಪ್ಯೂಟರೂ ಹೋಗಬಹುದು. ಇಲ್ಲದ ಎಳೆತವನ್ನು ಹುಟ್ಟಿಸುವ ಪರೀಕ್ಷೆ ಅದು. ನಿಮ್ಮ ಗಾಡಿಗೆ ಯಾರಾದರೂ ಹಾಗೆ ಮಾಡಲು ಬಂದರೆ ಕೈ ಹಿಡಿದು ನಿಲ್ಲಿಸಿ.

ಸೋಮವಾರ ಬೆಳಿಗ್ಗೆ ಮಕ್ಕಳು ಕಾಯುತ್ತಿರುವಾಗ ಇಷ್ಟೆಲ್ಲ ಮಾಡಲಾಗದು, ನಿಜ. ಜಂಪರ್ ಕೇಬಲ್ ಇಟ್ಟುಕೊಂಡಿರಿ. ಇನ್ನೊಂದು ವ್ಯಾನು, ಕಾರು, ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟೇ ಇರುತ್ತದೆ. ದೊಡ್ಡ ಲಾರಿ, ಬಸ್ಸಿನದು ಸಾಮಾನ್ಯವಾಗಿ 24 ವೋಲ್ಟ್, ಅದರಿಂದ ಜಂಪ್ ಮಾಡಿದರೆ ನಿಮ್ಮ ಗಾಡಿಯ ಎಲೆಕ್ಟ್ರಾನಿಕ್ಸ್ ಸುಡುತ್ತದೆ. ಪಾಸಿಟಿವ್ ಕೇಬಲ್ ಮೊದಲು, ನೆಗೆಟಿವ್‌ನ ಕೊನೆಯ ತುದಿಯನ್ನು ಬ್ಯಾಟರಿಯಿಂದ ದೂರ, ಎಂಜಿನ್ನಿನ ಬರಿ ಲೋಹಕ್ಕೆ ಕಚ್ಚಿಸಿ. ಬ್ಯಾಟರಿಯಿಂದ ಏಳುವ ಜಲಜನಕಕ್ಕೆ ಒಂದು ಕಿಡಿ ಸಾಕು. ತಳ್ಳಿ ಸ್ಟಾರ್ಟ್ ಮಾಡುವುದು ಇಂಜೆಕ್ಷನ್ ಗಾಡಿಗಳಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೆ ಆಗುವುದಿಲ್ಲ, ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಕರೆಂಟ್ ಬೇಕು. ಸ್ಟಾರ್ಟ್ ಆದ ಮೇಲೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿದರೆ ಬ್ಯಾಟರಿ ತುಂಬಿತು ಎಂದುಕೊಳ್ಳಬೇಡಿ. ಅರ್ಧ ಖಾಲಿಯಾದದ್ದು ಪೂರ್ತಿ ತುಂಬಲು ಹಲವು ಗಂಟೆ ಬೇಕು, ಕೊನೆಯ ಕಾಲು ಭಾಗ ತೀರಾ ನಿಧಾನ. ತುಂಬದೆ ಉಳಿದ ಬ್ಯಾಟರಿಯಲ್ಲಿ ತಟ್ಟೆಗಳ ಮೇಲಿನ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂತು ಮತ್ತೆ ಕರಗುವುದಿಲ್ಲ. ಪ್ರತಿ ಸೋಮವಾರದ ಈ ಏಟಿನಿಂದ ನಿಮ್ಮ ಆರು ತಿಂಗಳ ಬ್ಯಾಟರಿ ಆಗಲೇ ಸ್ವಲ್ಪ ಆಯಸ್ಸು ಕಳೆದುಕೊಂಡಿದೆ. ಹಾಗಾಗಿ ತಡ ಮಾಡಬೇಡಿ.

ನೆಗೆಟಿವ್ ಕಂಬಕ್ಕೆ ಕಟ್-ಆಫ್ ಸ್ವಿಚ್ ಹಾಕಿಸಿ ಎಂಬ ಸಲಹೆ ಕೊಡುವವರಿರುತ್ತಾರೆ. ಸುಗ್ಗಿ ಮುಗಿದ ಮೇಲೆ ವಾರಗಟ್ಟಲೆ ನಿಲ್ಲುವ ಸಾಮಾನು ಗಾಡಿಗೆ ಅದು ಒಳ್ಳೆಯದು. ನಿಮ್ಮ ಗಾಡಿಯಲ್ಲಿ ಜಿಪಿಎಸ್ ಇದ್ದರೆ ನಾನು ಒಪ್ಪುವುದಿಲ್ಲ. ಸ್ವಿಚ್ ಹಾಕಿದರೆ ಸಾಧನ ತನ್ನ ಒಳಗಿನ ಪುಟ್ಟ ಬ್ಯಾಟರಿ ಮುಗಿಯುವವರೆಗೆ ಮಾತ್ರ ಬದುಕಿರುತ್ತದೆ. ಮೇಲಾಗಿ ವೈರು ಸುಲಿದು ಎಲ್ಲೋ ತಗಡಿಗೆ ತಾಗುತ್ತಿರುವುದೇ ಕಾರಣವಾಗಿದ್ದರೆ, ಗಾಡಿ ಓಡುವಾಗ ಆ ಜಾಗ ಬಿಸಿಯಾಗುತ್ತಲೇ ಇರುತ್ತದೆ. ಮಕ್ಕಳು ಕೂರುವ ಗಾಡಿಯಲ್ಲಿ ಅದನ್ನು ಹುಡುಕದೆ ಬಿಡುವಂತಿಲ್ಲ.

ಕೆಲಸ ಮುಗಿಸಿ ಕ್ಲ್ಯಾಂಪ್ ಹಾಕುವಾಗ ಪಾಸಿಟಿವ್ ಕೂಡ ಬಿಚ್ಚಿದ್ದರೆ ಅದು ಮೊದಲು, ನೆಗೆಟಿವ್ ಕೊನೆಗೆ. ಬಿಚ್ಚುವಾಗ ಇದರ ಉಲ್ಟಾ. ನೆಗೆಟಿವ್ ಬಿಚ್ಚದೆಯೇ ಪಾಸಿಟಿವ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಅದರ ಹಿಂಬದಿ ಗಾಡಿಯ ತಗಡಿಗೆ ತಾಗಿದರೆ ಸ್ಪ್ಯಾನರೇ ಕೆಂಪಗೆ ಕಾಯುತ್ತದೆ.

ಬರುವ ಭಾನುವಾರ ಅಳತೆ ಮಾಡಿ. ಅರ್ಧ ಗಂಟೆ ಕಾದ ಮೇಲೆ ಮೀಟರ್ ತೋರಿಸಿದ ಅಂಕಿ, ಯಾವ ಫ್ಯೂಸ್ ತೆಗೆದಾಗ ಅದು ಇಳಿಯಿತು, ಗಾಡಿ ಯಾವ ವರ್ಷದ್ದು, ಆಮೇಲೆ ಏನೇನು ಹಾಕಿಸಿದ್ದೀರಿ ಎಂಬಿಷ್ಟನ್ನು ಬರೆದು ಕಳಿಸಿ. ಯಾವ ಫ್ಯೂಸಿಗೂ ಅಂಕಿ ಇಳಿಯದಿದ್ದರೆ ಅದನ್ನೂ ಬರೆಯಿರಿ, ಡೈನಮೊದಿಂದ ಮುಂದಕ್ಕೆ ನೋಡೋಣ.